ರಾಂಗ್ ನಂಬರಿಗೂ ನಂಬರ್ ಇರುತ್ತದೆ

ಮಕ್ಕಳೇ, ಕೀಲಿಮಣೆಯಲ್ಲಿ ಅಕ್ಷರಗಳು ಎ, ಬಿ, ಸಿ ಎಂದು ಸಾಲಾಗಿ ಯಾಕಿಲ್ಲ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದಿರಿ. ಈ ವಾರ ಅದನ್ನೇ ಬರೆಯಬೇಕೆಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಕಳೆದ ಗುರುವಾರ ನಮ್ಮ ವಠಾರದಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಅಪ್ಪ, ಅಮ್ಮ, ಅಜ್ಜಿಗೂ ಇದನ್ನು ಓದಿ ಹೇಳಿ.

ಸಂಜೆ ಐದು ಗಂಟೆ. ಒಲೆಯ ಮೇಲೆ ಹಾಲಿಟ್ಟಿದ್ದೆ. ಪಕ್ಕದ ಮನೆಯ ತಂಗಿ ಮೊಬೈಲ್ ಹಿಡಿದುಕೊಂಡು ಓಡಿ ಬಂದರು. ಅವರು ಬ್ಲೌಸ್ ಹೊಲಿಯುತ್ತಾರೆ. ಕೊರಳಲ್ಲಿ ಟೇಪು ಹಾಗೇ ಜೋತಾಡುತ್ತಿತ್ತು. ಹಿಂದೆಯೇ ಅವರ ಎರಡನೇ ಮಗಳು, ಏಳನೇ ಕ್ಲಾಸಿನ ಪುಟ್ಟಿ.

"ಅಕ್ಕಾ, ದೊಡ್ಡೋಳಿಗೆ ಸ್ಕಾಲರ್‌ಶಿಪ್ ಬಂದಿದ್ಯಂತೆ! ಆರು ಗಂಟೆ ಒಳಗೆ ಎರಡು ಸಾವಿರದ ಒಂಬೈನೂರು ರೂಪಾಯಿ ಕಟ್ಟಬೇಕಂತೆ. ಇಲ್ದಿದ್ರೆ ಬೇರೆಯವರಿಗೆ ಹೋಗುತ್ತಂತೆ. ಒಂದ್ಸಲ ನೋಡಿ ಹೇಳಿ ಅಕ್ಕಾ, ಕಟ್ಟಿಬಿಡ್ಲಾ?"

ದೊಡ್ಡ ಮಗಳು ಆಗಷ್ಟೇ ಪಿಯುಸಿ ಮುಗಿಸಿ ಕಾಲೇಜು ಸೇರಿದ್ದಳು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೂ ನಿಜ. ಆ ಎರಡು ಸಾವಿರದ ಒಂಬೈನೂರು ಆ ಮನೆಯಲ್ಲಿ ಎಷ್ಟು ಬ್ಲೌಸಿನ ಕೂಲಿ ಎಂದು ನನಗೆ ಗೊತ್ತಿತ್ತು. ಹಬ್ಬದ ಹೊಲಿಗೆಗೆ ರಾತ್ರಿ ಹನ್ನೊಂದರವರೆಗೂ ಅವರ ಮಿಷನ್ನಿನ ಸದ್ದು ನಮ್ಮ ಗೋಡೆಗೆ ಕೇಳುತ್ತಿತ್ತು.

ಸಂದೇಶದಲ್ಲಿ ಒಂದು ವೆಬ್‌ಸೈಟಿನ ಹೆಸರಿತ್ತು. ಉದ್ದದ ಹೆಸರು. ಅದರೊಳಗೆ ಸ್ಕಾಲರ್‌ಶಿಪ್ ಎಂದಿತ್ತು, ಕರ್ನಾಟಕ ಎಂದಿತ್ತು, ಗವ್ ಎಂದೂ ಇತ್ತು. ಪೂರ್ತಿ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕುತೂಹಲಕ್ಕೆಂದು ನಿಮ್ಮಲ್ಲಿ ಯಾರಾದರೂ ಟೈಪ್ ಮಾಡಿ ನೋಡಿಬಿಟ್ಟೀರಿ!

ನಾನು ಒಲೆ ಆರಿಸಿ ಲ್ಯಾಪ್‌ಟಾಪ್ ತೆರೆದೆ. ಸಂದೇಶದಲ್ಲಿದ್ದ ಹೆಸರನ್ನು ಒತ್ತಲಿಲ್ಲ. ಒತ್ತಿದರೆ ಆ ಮನೆಯ ಬಾಗಿಲು ತೆಗೆದು ಒಳಗೇ ಹೋದಂತೆ. ನನಗೆ ಬೇಕಾಗಿದ್ದದ್ದು ಬೀದಿ ತುದಿಯಲ್ಲಿ ನಿಂತು, "ಈ ಹೆಸರಿನವರ ಮನೆ ಎಲ್ಲಿ?" ಎಂದು ವಿಚಾರಿಸುವುದು ಮಾತ್ರ. ಅದಕ್ಕೊಂದು ಹಳೆಯ ಉಪಕರಣವಿದೆ. ಬಣ್ಣವಿಲ್ಲ, ಚಿತ್ರವಿಲ್ಲ, ಒತ್ತಲು ಗುಂಡಿಯೂ ಇಲ್ಲ. ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಬೇಕು, ಅಷ್ಟೆ. ಅದರ ಹೆಸರು ಎನ್‌ಎಸ್‌ಲುಕಪ್. ಹೆಸರು ಕೊಟ್ಟರೆ ನಂಬರ್ ಹೇಳುತ್ತದೆ.

ನಂಬರ್ ಯಾಕೆ ಎನ್ನುತ್ತೀರಾ? ಮೊಬೈಲಿನಲ್ಲಿ 'ಅಜ್ಜಿ' ಎಂದು ಒತ್ತಿದರೆ ಅಜ್ಜಿಗೆ ಕರೆ ಹೋಗುತ್ತದೆ. ಆದರೆ ಕರೆ ಹೋಗುವುದು ಹತ್ತು ಅಂಕಿಯ ನಂಬರಿಗೆ. ಹೆಸರು ನಮ್ಮ ಅನುಕೂಲಕ್ಕೆ. ಕಂಪ್ಯೂಟರುಗಳೂ ಹಾಗೆಯೇ. ವೆಬ್‌ಸೈಟಿನ ಹೆಸರು ನಮ್ಮ ನೆನಪಿಗೆ, ಅವುಗಳಿಗೆ ಬೇಕಾದದ್ದು ಐಪಿ ವಿಳಾಸ ಎಂಬ ನಂಬರ್.

ಎಂಟರ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು, ಚುಕ್ಕೆಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳು.

"ಇದೆಯಲ್ಲಾ ಅಕ್ಕಾ! ಸುಳ್ಳಾಗಿದ್ರೆ ನಂಬರ್ ಎಲ್ಲಿ ಬರ್ತಿತ್ತು?" ಎಂದು ತಂಗಿ ಉಸಿರು ಬಿಟ್ಟರು. ಅವರ ಹೆಬ್ಬೆರಳು ಆಗಲೇ ಮೊಬೈಲಿನತ್ತ ಹೋಗಿತ್ತು. ನಿಜ ಹೇಳುತ್ತೇನೆ ಮಕ್ಕಳೇ, ಒಂದು ಕ್ಷಣ ನಾನೂ ಸುಮ್ಮನಿದ್ದೆ. ಗಡಿಯಾರ ಐದೂಕಾಲು ತೋರಿಸುತ್ತಿತ್ತು. ನಾನು ಅವರ ಸಂತೋಷ ನೋಡುತ್ತಿದ್ದೆ.

ಆಗ ಪುಟ್ಟಿ ಕೇಳಿದಳು: "ಆಂಟಿ, ನಂಬರ್ ಇದ್ರೆ ಸಾಕಾ? ರಾಂಗ್ ನಂಬರಿಗೂ ನಂಬರ್ ಇರುತ್ತಲ್ವಾ?"

ನಾನು ತಂಗಿಯ ಕೈಯಿಂದ ಮೊಬೈಲ್ ತೆಗೆದುಕೊಂಡು ಮೇಜಿನ ಮೇಲಿಟ್ಟೆ.

ಪುಟ್ಟಿ ಹೇಳಿದ್ದು ನೂರಕ್ಕೆ ನೂರು ಸರಿ. ವಿಳಾಸವಿದೆ ಎಂದರೆ ಮನೆಯಿದೆ ಎಂದಷ್ಟೇ ಅರ್ಥ. ಒಳಗಿರುವವರು ಯಾರು, ಎಂಥವರು ಎಂದು ಆ ಉತ್ತರ ಹೇಳುವುದಿಲ್ಲ. ಅದಕ್ಕೆ ಇನ್ನೂ ಎರಡು ಪ್ರಶ್ನೆ ಕೇಳಬೇಕು. ಮೊದಲನೆಯದು, ಈ ಹೆಸರು ಯಾರ ಕಾಂಪೌಂಡಿನೊಳಗಿದೆ? ಎರಡನೆಯದು, ಈ ಹೆಸರು ಹುಟ್ಟಿದ್ದು ಯಾವಾಗ?

ಮೊದಲ ಪ್ರಶ್ನೆಗೆ ಕಂಪ್ಯೂಟರೇ ಬೇಡ, ಕಣ್ಣು ಸಾಕು. ಆದರೆ ಓದುವ ದಿಕ್ಕು ಬದಲಾಯಿಸಬೇಕು. ನಮ್ಮ ಅಂಚೆಯಣ್ಣಂದಿರನ್ನು ನೋಡಿ. ಲಕೋಟೆಯ ಮೇಲಿನ ವಿಳಾಸವನ್ನು ನಾವು ಹೆಸರಿನಿಂದ ಓದುತ್ತೇವೆ. ಅಂಚೆಯವರು ಕೆಳಗಿನಿಂದ ನೋಡುತ್ತಾರೆ. ಮೊದಲು ಪಿನ್ ಕೋಡ್, ಆಮೇಲೆ ಊರು, ಬೀದಿ, ಕೊನೆಗೆ ಮನೆಯವರ ಹೆಸರು. ವೆಬ್‌ಸೈಟಿನ ಹೆಸರನ್ನೂ ಹಾಗೆಯೇ ಹಿಂದಿನಿಂದ, ಅಂದರೆ ಬಲದಿಂದ ಎಡಕ್ಕೆ ಓದಬೇಕು.

ನಮ್ಮ ರಾಜ್ಯದ ವಿದ್ಯಾರ್ಥಿವೇತನದ ತಾಣದ ಹೆಸರು 'ಎಸ್‌ಎಸ್‌ಪಿ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'. ಬಲದಿಂದ ಬನ್ನಿ. 'ಇನ್' ಎಂದರೆ ಭಾರತ. ಅದರೊಳಗೆ 'ಗವ್' ಎಂದರೆ ಸರ್ಕಾರ. ಅದರೊಳಗೆ 'ಕರ್ನಾಟಕ'. ಅದರೊಳಗೆ 'ಎಸ್‌ಎಸ್‌ಪಿ'. ನಡುವಿನ ಒಂದೊಂದು ಚುಕ್ಕೆಯೂ ಒಂದೊಂದು ಗೇಟು. 'ಗವ್ ಡಾಟ್ ಇನ್' ಎಂಬ ಕಾಂಪೌಂಡಿನೊಳಗೆ ಯಾರು ಬೇಕಾದರೂ ಮನೆ ಕಟ್ಟುವಂತಿಲ್ಲ. ಸರ್ಕಾರದ ಇಲಾಖೆ, ಸಂಸ್ಥೆಗಳಿಗೆ ಮಾತ್ರ ಅಲ್ಲಿ ಜಾಗ ಸಿಗುತ್ತದೆ.

ಈಗ ತಂಗಿಗೆ ಬಂದ ಹೆಸರನ್ನು ಪುಟ್ಟಿಯ ಕೈಯಲ್ಲಿ ಬಲದಿಂದ ಓದಿಸಿದೆ. ಅವಳು ಬೆರಳಿಟ್ಟು ಓದಿದಳು. "ಕಾಮ್... ಚುಕ್ಕೆ... ಆಮೇಲೆ ಇನ್... ಆಂಟಿ, ಇಲ್ಲಿ ಚುಕ್ಕೆ ಇಲ್ಲ, ಅಡ್ಡಗೆರೆ ಇದೆ!"

ಗುಟ್ಟು ಅಲ್ಲೇ ಇತ್ತು. ಸ್ಕಾಲರ್‌ಶಿಪ್, ಕರ್ನಾಟಕ, ಗವ್, ಇನ್ ಎಂಬ ಪದಗಳನ್ನೆಲ್ಲ ಅಡ್ಡಗೆರೆ ಹಾಕಿ ಒಟ್ಟಿಗೆ ಅಂಟಿಸಿದ್ದರು. ಕೊನೆಗೆ ಒಂದೇ ಒಂದು ಚುಕ್ಕೆ, ಆಮೇಲೆ 'ಕಾಮ್'. ಚುಕ್ಕೆ ಗೇಟು ಎಂದೆನಲ್ಲ, ಅಡ್ಡಗೆರೆ ಗೇಟಲ್ಲ. ಅದು ಬೋರ್ಡಿನ ಮೇಲೆ ಎಳೆದ ಒಂದು ಗೀಟು, ಅಷ್ಟೆ. 'ಡಾಟ್ ಕಾಮ್' ಎಂಬ ಊರಿನಲ್ಲಿ ಹಣ ಕೊಟ್ಟರೆ ಯಾರಿಗೆ ಬೇಕಾದರೂ ಸೈಟು ಸಿಗುತ್ತದೆ. ಅಲ್ಲಿ ಒಂದು ಗೂಡಂಗಡಿ ಇಟ್ಟು, ಮೇಲೆ 'ವಿಧಾನಸೌಧ' ಎಂದು ಬೋರ್ಡು ಬರೆಸಿದರೆ ಅದು ವಿಧಾನಸೌಧ ಆಗುತ್ತದೆಯೇ?

ಎರಡನೆಯ ಪ್ರಶ್ನೆ ಹುಟ್ಟಿದ ದಿನ. ಇದಕ್ಕೆ ಇನ್ನೊಂದು ಉಪಕರಣವಿದೆ, 'ಹೂಈಸ್'. 'ಯಾರಿವರು?' ಎಂದು ಕೇಳಿದ ಹಾಗೇ ಇದೆ ಹೆಸರು. ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇರುವುದರಿಂದ ಇದನ್ನೂ ಅದೇ ಕಪ್ಪು ಕಿಟಕಿಯಲ್ಲಿ ಬರೆದೆ. ಉದ್ದನೆಯ ಉತ್ತರ ಸರಸರನೆ ಇಳಿಯಿತು. ಮಾಲೀಕರ ಹೆಸರಿನ ಜಾಗದಲ್ಲಿ ಗೋಪ್ಯ ಎಂದಿತ್ತು. ಅದು ದೊಡ್ಡ ಅನುಮಾನಕ್ಕೆ ಕಾರಣವಲ್ಲ. 2018ರಲ್ಲಿ ಯೂರೋಪಿನಲ್ಲಿ ಖಾಸಗಿ ಮಾಹಿತಿಯ ಕಾನೂನು ಜಾರಿಗೆ ಬಂದ ಮೇಲೆ ಒಳ್ಳೆಯವರ ಹೆಸರೂ ಹೀಗೆ ಮರೆಯಾಗಿರುವುದು ಸಾಮಾನ್ಯ. ನಾನು ಹುಡುಕುತ್ತಿದ್ದದ್ದು 'ಕ್ರಿಯೇಷನ್ ಡೇಟ್' ಎಂಬ ಸಾಲು. ಸಿಕ್ಕಿತು. ಪುಟ್ಟಿ ಕ್ಯಾಲೆಂಡರಿನ ಮುಂದೆ ನಿಂತು ಲೆಕ್ಕ ಹಾಕಿದಳು.

"ಒಂಬತ್ತು ದಿನ ಆಂಟಿ! ನಮ್ಮ ಮನೆ ಬೆಕ್ಕಿನ ಮರಿಗಿಂತ ಚಿಕ್ಕದು!"

ಸರ್ಕಾರದ ವಿದ್ಯಾರ್ಥಿವೇತನ, ಒಂಬತ್ತು ದಿನದ ಹೆಸರು, ಅದೂ 'ಡಾಟ್ ಕಾಮ್' ಊರಿನಲ್ಲಿ. ಕೊನೆಗೆ ಅಕ್ಕ ಅರ್ಜಿ ಹಾಕಿದ್ದ ನಿಜವಾದ ತಾಣದ ಹೆಸರನ್ನು ನಾವೇ ಒಂದೊಂದಕ್ಷರ ಟೈಪ್ ಮಾಡಿ ಒಳಗೆ ಹೋಗಿ ನೋಡಿದೆವು. ಅರ್ಜಿ ಇನ್ನೂ ಪರಿಶೀಲನೆಯಲ್ಲಿತ್ತು. ಹಣ ಕಟ್ಟಿ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ.

ತಂಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಣ ಉಳಿದದ್ದಕ್ಕೆ ಸಂತೋಷ ಪಡಬೇಕೋ, ಸ್ಕಾಲರ್‌ಶಿಪ್ ಬಂದಿಲ್ಲವೆಂದು ಬೇಸರ ಪಡಬೇಕೋ ಅವರಿಗೆ ತಿಳಿಯಲಿಲ್ಲ. "ನಾನು ಎಷ್ಟು ದಡ್ಡಿ ನೋಡಿ ಅಕ್ಕಾ" ಎಂದರು. ನಾನು ಹೇಳಿದೆ, "ದಡ್ಡತನ ಏನೂ ಇಲ್ಲ. ಕಟ್ಟೋಕೆ ಮೊದಲು ಕೇಳೋಕೆ ಬಂದ್ರಲ್ಲ, ಅದೇ ಜಾಣತನ. ಆ ಸಂದೇಶ ಬರೆದೋರು ಆರು ಗಂಟೆ ಅಂತ ಹಾಕಿದ್ದೇ ನೀವು ಯಾರನ್ನೂ ಕೇಳಬಾರದು ಅಂತ."

ಮಕ್ಕಳೇ, ಈಗ ನೀವೂ ಒಂದು ಸಲ ಮಾಡಿ ನೋಡಿ. ಮನೆಯಲ್ಲೋ ಶಾಲೆಯ ಲ್ಯಾಬಿನಲ್ಲೋ ವಿಂಡೋಸ್ ಕಂಪ್ಯೂಟರ್ ಇದ್ದರೆ, ದೊಡ್ಡವರನ್ನು ಕೇಳಿ, ಸ್ಟಾರ್ಟ್ ಒತ್ತಿ 'ಸಿ, ಎಂ, ಡಿ' ಎಂಬ ಮೂರು ಅಕ್ಷರ ಬರೆಯಿರಿ. ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ 'ಎನ್, ಎಸ್, ಎಲ್, ಓ, ಓ, ಕೆ, ಯು, ಪಿ' ಎಂದು ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿ ಬರೆದು, ಒಂದು ಜಾಗ ಬಿಟ್ಟು, 'ಡಿಎನ್‌ಎಸ್ ಡಾಟ್ ಗೂಗಲ್' ಎಂಬ ಹೆಸರು ಬರೆಯಿರಿ. ಡಾಟ್ ಎಂದಲ್ಲಿ ಚುಕ್ಕೆ. ಎಂಟರ್ ಒತ್ತಿ.

ಉತ್ತರದ ಮೇಲ್ಭಾಗದಲ್ಲಿ 'ಸರ್ವರ್' ಎಂದೂ ಅದರ ಕೆಳಗೆ ಒಂದು ವಿಳಾಸವೂ ಬರುತ್ತದೆ. ಮೊದಲ ಸಲ ನೋಡುವವರು ಅದನ್ನೇ ಉತ್ತರ ಎಂದುಕೊಳ್ಳುತ್ತಾರೆ. ಅದಲ್ಲ. ನಿಮ್ಮ ಕಂಪ್ಯೂಟರ್ ಯಾರನ್ನು ಕೇಳಿತೋ ಅವರ ವಿಳಾಸ ಅದು. ನಿಜವಾದ ಉತ್ತರ ಕೆಳಗಿದೆ. ಅಲ್ಲಿ 8.8.8.8 ಮತ್ತು 8.8.4.4 ಎಂಬ ಎರಡು ವಿಳಾಸ ಕಾಣಿಸಿದರೆ ನೀವು ಸರಿಯಾಗಿ ಬರೆದಿದ್ದೀರಿ. ಅಂಕಿಯ ಜೊತೆ ಅಕ್ಷರಗಳೂ ಬೆರೆತ ಉದ್ದದ ವಿಳಾಸವೊಂದು ಬಂದರೆ ಗಾಬರಿ ಬೇಡ. ಅದು ಹೊಸ ಬಗೆಯ ಐಪಿ ವಿಳಾಸ.

ಉತ್ತರದ ಮೇಲೆ 'ನಾನ್ ಅಥಾರಿಟೇಟಿವ್' ಎಂಬ ದೊಡ್ಡ ಪದವನ್ನೂ ಕಂಡೀರಿ. ಅದರರ್ಥ ತಪ್ಪು ಉತ್ತರ ಎಂದಲ್ಲ. "ಮನೆಯವರನ್ನೇ ಕೇಳಿ ಹೇಳುತ್ತಿಲ್ಲ, ಮೊದಲೇ ಕೇಳಿ ಬರೆದಿಟ್ಟುಕೊಂಡದ್ದನ್ನು ಹೇಳುತ್ತಿದ್ದೇನೆ" ಎಂದು ಅದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಿದೆ. ನಮ್ಮಲ್ಲಿ ಸುದ್ದಿ ಹೇಳುವವರೆಲ್ಲ ಹೀಗೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಹಾಗಾದರೆ ಮೊದಲು ಕೇಳಿದ್ದು ಯಾರನ್ನು? ಇಷ್ಟೊಂದು ಹೆಸರುಗಳ ಪಟ್ಟಿ ಯಾರ ಮನೆಯಲ್ಲಿದೆ? ಒಂದು ಕಾಲದಲ್ಲಿ ನಿಜವಾಗಿಯೂ ಒಂದೇ ಪಟ್ಟಿ ಇತ್ತು. ಇಂಟರ್ನೆಟ್ಟಿಗೆ ಅಡಿಪಾಯ ಹಾಕಿದ ಅರ್ಪಾನೆಟ್ ಎಂಬ ಜಾಲದ ದಿನಗಳವು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆ ಮತ್ತು ಅವರ ತಂಡ ಆ ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದರು. ಹೊಸ ಕಂಪ್ಯೂಟರ್ ಸೇರಿದರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಗೆ ಸೇರಿಸಬೇಕು, ಉಳಿದವರೆಲ್ಲ ಹೊಸ ಪಟ್ಟಿಯನ್ನು ಇಳಿಸಿಕೊಳ್ಳಬೇಕು. ಕಂಪ್ಯೂಟರುಗಳು ಹೆಚ್ಚಿದಂತೆ ಇದು ಕಷ್ಟವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಹೊಸ ಏರ್ಪಾಡು ರೂಪಿಸಿದರು. ಅದೇ ಡಿಎನ್‌ಎಸ್. ಒಬ್ಬರ ಬಳಿ ಇಡೀ ಪಟ್ಟಿ ಬೇಡ, ಪ್ರತಿ ಕಾಂಪೌಂಡಿನವರು ತಮ್ಮ ಒಳಗಿನ ಮನೆಗಳ ಲೆಕ್ಕ ತಾವೇ ಇಟ್ಟುಕೊಳ್ಳಲಿ ಎಂಬುದೇ ಅದರ ತಿರುಳು.

ಹೊಸ ಊರಿಗೆ ಹೋದಾಗ ನಾವು ಮಾಡುವುದೂ ಇದನ್ನೇ. ಬಸ್‌ ಸ್ಟ್ಯಾಂಡಿನಲ್ಲಿ ಕೇಳಿದರೆ, "ಮನೆ ಗೊತ್ತಿಲ್ಲ, ಆ ಬಡಾವಣೆಗೆ ಹೀಗೆ ಹೋಗಿ" ಎನ್ನುತ್ತಾರೆ. ಬಡಾವಣೆಯ ಅಂಗಡಿಯವರು ಬೀದಿ ತೋರಿಸುತ್ತಾರೆ. ಬೀದಿಯಲ್ಲಿ ಆಡುವ ಹುಡುಗರು ಮನೆಯನ್ನೇ ತೋರಿಸುತ್ತಾರೆ. ಡಿಎನ್‌ಎಸ್‌ನಲ್ಲಿ ಬಸ್‌ ಸ್ಟ್ಯಾಂಡಿನ ಜಾಗದಲ್ಲಿರುವುದು 'ರೂಟ್', ಅಂದರೆ ಬೇರು. ಅದಕ್ಕೆ ಎ ಇಂದ ಎಂ ವರೆಗೆ 13 ಹೆಸರುಗಳಿವೆ. ಹೆಸರು ಹದಿಮೂರಾದರೂ ಅವುಗಳ ಕೆಲಸ ಮಾಡುವ ಕಂಪ್ಯೂಟರುಗಳು ನಮ್ಮ ದೇಶವೂ ಸೇರಿದಂತೆ ಜಗತ್ತಿನ ನೂರಾರು ಕಡೆ ಇವೆ. ಬೇರು 'ಇನ್' ಯಾರ ಬಳಿ ಎಂದು ಹೇಳುತ್ತದೆ. 'ಇನ್' ನೋಡಿಕೊಳ್ಳುವವರು ಅದರೊಳಗಿನ ಕಾಂಪೌಂಡಿನ ದಾರಿ ಹೇಳುತ್ತಾರೆ. ಹೀಗೆ ಬಲದಿಂದ ಎಡಕ್ಕೆ, ಒಂದೊಂದೇ ಗೇಟು ದಾಟಿ, ಮನೆ ಸಿಗುತ್ತದೆ. ನಿಮ್ಮ ಪರವಾಗಿ ಇಷ್ಟು ಅಲೆದಾಟ ಮಾಡುವುದು ಇಂಟರ್ನೆಟ್ ಕೊಟ್ಟವರ ಬಳಿಯೋ ಬೇರೆಲ್ಲೋ ಇರುವ ಒಂದು ಕಂಪ್ಯೂಟರ್. ಅದು ಉತ್ತರವನ್ನು ಸ್ವಲ್ಪ ಕಾಲ ಬರೆದಿಟ್ಟುಕೊಳ್ಳುತ್ತದೆ. ಲಿನಕ್ಸ್ ಇರುವವರು 'ಡಿಗ್' ಎಂಬ ಉಪಕರಣಕ್ಕೆ ಕೂಡಿಸುವ ಗುರುತಿನ ಜೊತೆ 'ಟ್ರೇಸ್' ಎಂದು ಸೇರಿಸಿ ಕೇಳಿದರೆ, ಬೇರಿನಿಂದ ಮನೆಯವರೆಗಿನ ಈ ದಾರಿಯನ್ನು ಸಾಲು ಸಾಲಾಗಿ ನೋಡಬಹುದು.

ಈಗ ಮನೆಯ ದೊಡ್ಡವರಿಗೆ ನಾಲ್ಕು ಮಾತು.

ಕಂಪ್ಯೂಟರ್ ಇಲ್ಲದಿದ್ದರೂ ಹೆಸರು ಹುಟ್ಟಿದ ದಿನವನ್ನು ಮೊಬೈಲಿನಲ್ಲೇ ನೋಡಬಹುದು. ಜಗತ್ತಿನ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ತಾಣವಿದೆ, 'ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್'. 'ಡಾಟ್ ಕಾಮ್' ಮುಂತಾದ ಹೆಸರುಗಳ ವಿವರ ಅಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. 'ಡಾಟ್ ಇನ್' ಹೆಸರುಗಳನ್ನು ನೋಡಿಕೊಳ್ಳುವುದು ನಮ್ಮ ದೇಶದ ನಿಕ್ಸಿ ಸಂಸ್ಥೆ. ಆ ವಿವರ ಅವರಲ್ಲಿ ಸಿಗುತ್ತದೆ.

ಬ್ಯಾಂಕಿನ ವಿಷಯದಲ್ಲಿ ಈಗ ಒಂದು ಒಳ್ಳೆಯ ಅನುಕೂಲವಾಗಿದೆ. ನಮ್ಮ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು 'ಬ್ಯಾಂಕ್ ಡಾಟ್ ಇನ್' ಎಂದು ಕೊನೆಯಾಗುವ ಹೆಸರಿಗೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಆ ಕಾಂಪೌಂಡಿನೊಳಗೆ ಬ್ಯಾಂಕುಗಳಿಗೆ ಮಾತ್ರ ಪ್ರವೇಶ. ಬ್ಯಾಂಕಿನದೆಂದು ಹೇಳಿಕೊಳ್ಳುವ ಸಂದೇಶ ಬಂದರೆ ಅದರಲ್ಲಿರುವ ಹೆಸರಿನ ಬಲತುದಿ ನೋಡಿ. ಇಲ್ಲೂ ಚುಕ್ಕೆಯೇ ಇರಬೇಕು, ಅಡ್ಡಗೆರೆಯಲ್ಲ. ಮತ್ತು ಅದು ಹೆಸರಿನ ಕೊನೆಯಲ್ಲಿರಬೇಕು, ನಡುವೆಯಲ್ಲ. ಕೊನೆ ಎಂದರೆ ಮೊದಲ ಓರೆಗೆರೆ ಬರುವ ಜಾಗ. ಓರೆಗೆರೆಯಿಂದಾಚೆಗೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು.

ಇಷ್ಟೆಲ್ಲ ಹೇಳಿ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ತಪ್ಪಾದೀತು. ಹೊಸ ಹೆಸರೆಲ್ಲ ಕಳ್ಳರದಲ್ಲ. ನಿಮ್ಮ ಊರಿನಲ್ಲಿ ಯಾರೋ ಮೊನ್ನೆ ಬೇಕರಿ ತೆರೆದು ವೆಬ್‌ಸೈಟ್ ಮಾಡಿಸಿದ್ದರೆ ಅದಕ್ಕೂ ಒಂಬತ್ತು ದಿನವೇ ಆಗಿದ್ದೀತು. ಹಳೆಯದೆಲ್ಲ ಒಳ್ಳೆಯದೂ ಅಲ್ಲ. ಹಳೆಯ ಮನೆಗೆ ಕಳ್ಳರು ನುಗ್ಗಿ ಕುಳಿತಿರುವುದೂ ಉಂಟು. ಉಪಕರಣ ತೀರ್ಪು ಕೊಡುವುದಿಲ್ಲ, ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಗುರುವಾರ ನಾನು ಒಂದೇ ಪ್ರಶ್ನೆ ಕೇಳಿ ಸುಮ್ಮನಾಗಿದ್ದರೆ, ಅದರ ಸರಿಯಾದ ಉತ್ತರವೇ ನಮ್ಮನ್ನು ತಪ್ಪು ದಾರಿಗೆ ಕಳಿಸುತ್ತಿತ್ತು. ಹಣ ಈಗಾಗಲೇ ಹೋಗಿದ್ದರೆ ನಾಚಿಕೊಂಡು ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು.

ಶುಕ್ರವಾರ ಸಂಜೆ ಪುಟ್ಟಿ ಒಂದು ನೋಟ್‌ಬುಕ್ ಹಿಡಿದು ಮತ್ತೆ ಬಂದಳು. ಅಮ್ಮನ ಬ್ಯಾಂಕು, ಕರೆಂಟ್ ಬಿಲ್ಲು, ಗ್ಯಾಸು, ಅಕ್ಕನ ಕಾಲೇಜು, ಎಲ್ಲದರ ಸರಿಯಾದ ಹೆಸರನ್ನು ಬಿಲ್ಲು ಮತ್ತು ಪಾಸ್‌ಬುಕ್ ನೋಡಿ ಬರೆದಿದ್ದಳು. ಪ್ರತಿ ಹೆಸರಿನ ಬಲತುದಿಗೆ ಕೆಂಪು ಪೆನ್ನಿನಿಂದ ಗೆರೆ. ಆ ಹಾಳೆ ಈಗ ಅವರ ಮನೆಯಲ್ಲಿ ಹೊಲಿಗೆ ಮಿಷನ್ನಿನ ಮೇಲಿನ ಗೋಡೆಯಲ್ಲಿದೆ.

"ಆಂಟಿ, ಇವತ್ತು ನನ್ನ ಹೆಸರು ಹಾಕಿ ಕೇಳೋಣ" ಎಂದಳು. ಅವಳೇ ಟೈಪ್ ಮಾಡಿದಳು. ತನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಸೇರಿಸಿ, ಒಂದು ಚುಕ್ಕೆ, ಆಮೇಲೆ 'ಇನ್'. ಅಂಥ ಹೆಸರೇ ಇಲ್ಲ ಎಂದು ಉತ್ತರ ಬಂತು. ಬೇಸರವಾದೀತು ಎಂದುಕೊಂಡೆ. ಅವಳ ಮುಖ ಅರಳಿತು.

"ಯಾರೂ ತಗೊಂಡಿಲ್ಲ! ಅಂದ್ರೆ ದೊಡ್ಡವಳಾದ ಮೇಲೆ ನಾನು ತಗೋಬಹುದಾ?"

ತಗೋಬಹುದು ಎಂದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಆ ಸಂದೇಶ ಕಳಿಸಿದವರಿಗೆ ಹೆಸರು ಸಿಕ್ಕಿದ್ದೂ ಇದೇ ಬಾಗಿಲಿನಿಂದ. ಬಾಗಿಲು ಎಲ್ಲರಿಗೂ ತೆರೆದಿದೆ. ಅದಕ್ಕೇ ಹೆಸರು ಕಂಡ ಕೂಡಲೇ ನಂಬದೆ ವಿಚಾರಿಸುವ ಹಕ್ಕನ್ನೂ ಎಲ್ಲರಿಗೂ ಕೊಟ್ಟಿದ್ದಾರೆ.

ಈ ವಾರದ ಮನೆಗೆಲಸ: ನಿಮ್ಮ ಮನೆಗೆ ಬೇಕಾದ ಐದು ಹೆಸರುಗಳನ್ನು ಪಟ್ಟಿ ಮಾಡಿ, ಬಲದಿಂದ ಎಡಕ್ಕೆ ಓದಿ, ಅಮ್ಮನಿಗೆ ತೋರಿಸಿ. ಕೀಲಿಮಣೆಯ ಕಥೆ ಮುಂದಿನ ವಾರ, ತಪ್ಪದೆ.